ಒನ್ಸ್ ಮೋರ್ ಅನ್ನುವವರು, ಹೇಗೆ ಅನ್ನುವವರು

ನಮ್ಮ ಹಾಸ್ಯನಟ ಬಾಲಕೃಷ್ಣ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಎದುರಿನವರ ತುಟಿ ನೋಡಿಕೊಂಡೇ ಸಂಭಾಷಣೆ ಒಪ್ಪಿಸುತ್ತಿದ್ದರು ಅಂತ ಬೆಂಗಳೂರಿನಲ್ಲಿ ಹೇಳಿ ನೋಡಿ. ‘ಎಂಥಾ ಕಲಾವಿದ ರೀ!’ ಅಂತ ಕೈಮುಗಿಯುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಇಂಗ್ಲೆಂಡಿನ ಆಫೀಸೊಂದರಲ್ಲಿ ಅದೇ ಮಾತು ಬಂದಾಗ ಎದುರಿನಾತ ಥಟ್ಟನೆ ಕೇಳಿದ್ದು ಬೇರೆ: ಎದುರಿನ ನಟ ಬೆನ್ನು ತಿರುಗಿಸಿ ಮಾತಾಡುವ ಶಾಟ್ ಇದ್ದರೆ? ಆಗ ಅವರಿಗೆ ತಮ್ಮ ಮಾತಿನ ಸರದಿಯ ಸುಳಿವು ಹೇಗೆ ಸಿಗುತ್ತಿತ್ತು?

ಇಲ್ಲಿನ ಕನ್ನಡದ ಗೆಳೆಯರಲ್ಲಿ ಉತ್ತರ ಇಲ್ಲ. ಊರಿಗೆ ಫೋನ್ ಮಾಡಿದರೆ ‘ಅದನ್ನೆಲ್ಲ ಕಟ್ಕೊಂಡು ನಿಂಗೇನಾಗ್ಬೇಕೋ’ ಅನ್ನುವ ಉತ್ತರ ಬಂತು. ಬಾಲಣ್ಣ ತೀರಿಕೊಂಡದ್ದು 1995ರಲ್ಲಿ. ನಾಲ್ಕು ದಶಕಕ್ಕೂ ಮೀರಿ ನಮ್ಮ ಕಣ್ಣೆದುರಿಗೇ ನಟಿಸಿದ ಮನುಷ್ಯ. ಹಾರ ಹಾಕಿದವರು ಸಾವಿರಾರು ಜನ. ಇದೊಂದನ್ನು ಯಾರಾದರೂ ಕೇಳಿ ಬರೆದಿಟ್ಟಿದ್ದರೆ ಅದು ಇವತ್ತು ನಮ್ಮ ಬಾಯಲ್ಲಿ ಇರಬೇಕಿತ್ತು.

ಈ ದೇಶದವರು ತಮ್ಮ ಹಾಸ್ಯನಟ ಡೇವಿಡ್ ಜೇಸನ್ ಅವರನ್ನು ಏನೇನು ಕೇಳುತ್ತಾರೆ ನೋಡಿ. 1940ರಲ್ಲಿ ಉತ್ತರ ಲಂಡನ್ನಿನ ಎಡ್ಮಂಟನ್‌ನಲ್ಲಿ ಹುಟ್ಟಿ, ಎಲೆಕ್ಟ್ರಿಷಿಯನ್ ಕೆಲಸ ಕಲಿತು, ನಾಟಕಕ್ಕೆ ಬಂದವರು. 1981ರಲ್ಲಿ ಬಿಬಿಸಿಯಲ್ಲಿ ಶುರುವಾದ ಹಾಸ್ಯ ಧಾರಾವಾಹಿ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ನ ಡೆಲ್ ಬಾಯ್ ಆಗಿ ಮನೆಮನೆಗೂ ಹೊಕ್ಕರು. 1996ರ ಕ್ರಿಸ್ಮಸ್ ವಾರದ ಕೊನೆಯ ಕಂತನ್ನು ನೋಡಿದವರು 2 ಕೋಟಿ 43 ಲಕ್ಷ ಜನ. 2005ರಲ್ಲಿ ಸರ್ ಪದವಿಯೂ ಬಂತು. ಆದರೆ ಅಭಿಮಾನಿಗಳು ಕೇಳುವುದು ಪದವಿಯನ್ನಲ್ಲ, ಬಾರ್ ಕೌಂಟರಿನ ಹಲಗೆಯನ್ನು.

1989ರ ಜನವರಿಯಲ್ಲಿ ಬಂದ ಕಂತು ಅದು. ಡೆಲ್ ಬಾಯ್ ವೈನ್ ಬಾರಿನಲ್ಲಿ ಗೆಳೆಯ ಟ್ರಿಗರ್ ಜೊತೆ ನಿಂತು ಹುಡುಗಿಯರ ಕಡೆ ನೋಡುತ್ತ ಠೀವಿ ತೋರಿಸುತ್ತಿದ್ದಾನೆ. ಬಾರಿನವನು ಕೌಂಟರಿನ ಮಡಚುವ ಹಲಗೆ ಎತ್ತಿ ಹೊರಗೆ ಬಂದು ಹೋಗುತ್ತಾನೆ. ಡೆಲ್ ಅದನ್ನು ಗಮನಿಸದೆ ಮತ್ತೆ ಒರಗಲು ಹೋಗಿ ಕಡಿದ ಬಾಳೆಗಿಡದ ಹಾಗೆ ಅಡ್ಡಡ್ಡ ಉರುಳುತ್ತಾನೆ. ಇಷ್ಟೇ. ಕೆಲವೇ ಕ್ಷಣ. ಇದರ ಬಗ್ಗೆ ಇಲ್ಲಿನ ಜನ ಕೇಳುವ ಪ್ರಶ್ನೆ ಹೀಗಿರುತ್ತದೆ: ‘ಹಲಗೆ ಇಲ್ಲ ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಮುಂದೆ ಬಾರದ ಹಾಗೆ ಹೇಗೆ ತಡೆದಿರಿ?’

ಪ್ರಶ್ನೆ ಎಷ್ಟು ಸರಿಯಾದ ಜಾಗಕ್ಕೆ ನಾಟಿದೆ! ಬೀಳುವಾಗ ದೇಹ ಮೂರು ಕೆಲಸವನ್ನು ತಾನಾಗಿಯೇ ಮಾಡುತ್ತದೆ. ಕಣ್ಣು ಬೀಳುವ ದಿಕ್ಕಿಗೆ ಹೊರಳುತ್ತದೆ, ಒಂದು ಕಾಲು ಪಕ್ಕಕ್ಕೆ ಸರಿಯುತ್ತದೆ, ಕೈ ಆಸರೆ ಹುಡುಕುತ್ತದೆ. ಇದರಲ್ಲಿ ಒಂದು ನಡೆದರೂ ನೋಡುವವನಿಗೆ ‘ಓ, ಇವನಿಗೆ ಮೊದಲೇ ಗೊತ್ತಿತ್ತು’ ಅಂತ ಹೊಳೆದು ನಗು ಸತ್ತುಹೋಗುತ್ತದೆ. ಆದ್ದರಿಂದ ನೋಟ ಹುಡುಗಿಯರ ಮೇಲೆಯೇ ಇರಬೇಕು, ಮೊಣಕಾಲು ಬಗ್ಗಬಾರದು, ಭುಜ ಸೊಂಟ ಒಟ್ಟಿಗೆ ಹೋಗಬೇಕು. ಕೌಂಟರಿನ ಹಿಂದೆ ಮೆತ್ತನೆ ಹಾಸು, ಅದು ಕಾಣದಷ್ಟು ಎತ್ತರಕ್ಕೆ ಕ್ಯಾಮರಾ. ಬರಹಗಾರ ಜಾನ್ ಸಲಿವನ್ ಬಾರೊಂದರಲ್ಲಿ ಕಂಡಿದ್ದು ಒಬ್ಬ ಎಡವಿ ಸಾವರಿಸಿಕೊಂಡದ್ದನ್ನು ಮಾತ್ರ. ಸಾವರಿಸಿಕೊಳ್ಳುವುದು ಬೇಡ, ಪೂರ್ತಿ ಬಿದ್ದೇ ಬಿಡೋಣ ಅಂದವರು ಜೇಸನ್. ಇನ್ನು ಪಕ್ಕದಲ್ಲಿದ್ದ, ಟ್ರಿಗರ್ ಪಾತ್ರದ ರೋಜರ್ ಲಾಯ್ಡ್ ಪ್ಯಾಕ್. ಡೆಲ್ ಬೀಳುವುದನ್ನು ಟ್ರಿಗರ್ ನೋಡುವುದೇ ಇಲ್ಲ. ತಿರುಗಿ ನೋಡಿದರೆ ಗೆಳೆಯ ಮಾಯ! ಬಾಗಿಲ ಕಡೆ ಕಣ್ಣಾಡಿಸುತ್ತಾನೆ. ಬಿದ್ದದ್ದಕ್ಕೆ ಬಂದ ನಗು ಇಳಿಯುವ ಹೊತ್ತಿಗೆ ಎರಡನೆಯ ನಗು ಏಳುವುದು ಆ ಪೆಚ್ಚು ಮುಖದಿಂದ. ಇಷ್ಟೂ ನಮಗೆ ಗೊತ್ತಾಗಿರುವುದು ಜನ ಕೇಳಿ ಕೇಳಿ ಬಿಡಿಸಿದ್ದರಿಂದ.

1982ರ ಗಾಜಿನ ದೀಪಗುಚ್ಛದ ಕಂತಿನದೂ ಅದೇ ಕಥೆ. ದೊಡ್ಡ ಬಂಗಲೆಯಲ್ಲಿ ಡೆಲ್ ಮತ್ತು ತಮ್ಮ ರಾಡ್ನಿ ಏಣಿ ಹತ್ತಿ ಒಂದು ದೀಪದ ಕೆಳಗೆ ಬಟ್ಟೆ ಹಿಡಿದು ಕಾಯುತ್ತಿರುತ್ತಾರೆ, ಮೇಲೆ ಅಜ್ಜ ಬಿಚ್ಚುವುದು ಇನ್ನೊಂದು ದೀಪದ ಬೋಲ್ಟನ್ನು. ಒಡೆಯುವ ವಸ್ತು ಒಂದೇ, ಟೇಕೂ ಒಂದೇ. ಹಾಗಾಗಿ ಪ್ರಶ್ನೆ: ದೀಪ ಬಿದ್ದ ಮೇಲೆ ಅಷ್ಟು ಹೊತ್ತು ಇಬ್ಬರೂ ನಗದೆ ಹೇಗೆ ನಿಂತಿರಿ? ಅಜ್ಜನ ಪಾತ್ರದ ಲೆನರ್ಡ್ ಪಿಯರ್ಸ್ 1984ರ ಡಿಸೆಂಬರಿನಲ್ಲಿ ಶೂಟಿಂಗ್ ನಡುವೆಯೇ ತೀರಿಕೊಂಡರು. ಸಲಿವನ್ ಆ ಸಾವನ್ನು ಕತೆಯೊಳಕ್ಕೇ ತಂದು ಮಣ್ಣು ಮಾಡುವ ದೃಶ್ಯ ಬರೆದರು. ಅಜ್ಜನದು ಅಂದುಕೊಂಡು ಗುಂಡಿಗೆ ಹಾಕಿದ ಟೋಪಿ ಪಾದ್ರಿಯದ್ದು ಅಂತ ಆಮೇಲೆ ಗೊತ್ತಾಗುತ್ತದೆ. ‘ನಿಜವಾಗಿ ಅಳು ಬಂದಿದ್ದ ಹೊತ್ತಿನಲ್ಲಿ ಆ ಟೋಪಿಯ ನಗುವಿಗೆ ಎಷ್ಟು ಬಿಡುವು ಕೊಡಬೇಕು ಅಂತ ಹೇಗೆ ಲೆಕ್ಕ ಹಾಕಿದಿರಿ?’ ಸಾವಿನ ಬಗ್ಗೆ ಕೇಳುವ ಪ್ರಶ್ನೆಯಲ್ಲೂ ಕಸುಬಿನ ಗೌರವ ಬಿಟ್ಟಿಲ್ಲ.

ಇದನ್ನು ನಮ್ಮ ಟಿವಿಯ ಪಕ್ಕ ಇಡಿ. ಹಾಸ್ಯನಟರನ್ನು ಕರೆಸಿದರೆ ಹತ್ತನೇ ನಿಮಿಷಕ್ಕೆ ಪಿಟೀಲು ಶುರು. ದ್ವಾರಕೀಶ್ ಅವರನ್ನು ಸಾಲದ ಬಗ್ಗೆ, ಮುರಿದ ಗೆಳೆತನದ ಬಗ್ಗೆ ಕೇಳಿದಷ್ಟು, ಕುಳ್ಳ ದೇಹವನ್ನು ಎತ್ತರದ ನಾಯಕನ ಪಕ್ಕ ಎಷ್ಟು ದೂರದಲ್ಲಿ ನಿಲ್ಲಿಸಿದರೆ ನಗು ಬರುತ್ತದೆ ಅಂತ ಕೇಳಿದ್ದರೆ! ನಗಿಸಿದವರನ್ನು ಅಳಿಸಿದರೆ ನಮ್ಮಲ್ಲಿ ಸಂಚಿಕೆ ಗೆದ್ದಂತೆ.

ಟಿವಿ ಹಾಳಾಗಲಿ, ಅಭಿಮಾನಿಗಳಾದ ನಾವೇನು ಕಡಿಮೆ? ಹೊರದೇಶದ ರಾಜ್ಯೋತ್ಸವಕ್ಕೆ ಊರಿಂದ ಹಿರಿಯ ಹಾಸ್ಯನಟರು ಬರುತ್ತಾರೆ. ಪೇಟ, ಶಾಲು, ಗಂಧದ ಹಾರ, ಫಲತಾಂಬೂಲ, ಸ್ಮರಣಿಕೆ, ಅಧ್ಯಕ್ಷರ ಎರಡು ಮಾತು, ಮಾಜಿ ಅಧ್ಯಕ್ಷರ ಎರಡು ಮಾತು. ಅಷ್ಟರಲ್ಲಿ ಬಿಸಿಬೇಳೆಬಾತು ತಣ್ಣಗಾಗಿದೆ. ಪ್ರಶ್ನೋತ್ತರಕ್ಕೆ ಮೈಕು ಸಿಕ್ಕಿದವರು ‘ಸರ್, ನಾನು ನಿಮ್ಮ ದೊಡ್ಡ ಫ್ಯಾನು, ನಮ್ಮ ತಂದೆಯವರೂ ಫ್ಯಾನು, ನಮ್ಮದು ಅರಸೀಕೆರೆ ಹತ್ರ’ ಅಂತ ಶುರು ಮಾಡಿ ತಮ್ಮ ಆತ್ಮಕಥೆ ಮುಗಿಸಿ, ಕೊನೆಗೆ ‘ಆ ಒಂದು ಡೈಲಾಗ್ ಹೊಡೀರಿ ಸರ್’ ಅನ್ನುತ್ತಾರೆ. ಪಾಪ, ಹಿರಿಯರು ಹೊಡೆಯುತ್ತಾರೆ. ಸೀಟಿ, ಚಪ್ಪಾಳೆ. ಮುಂದಿನವರು ಮೈಕು ಹಿಡಿದು ಇನ್ನೊಂದು ಡೈಲಾಗು ಕೇಳುತ್ತಾರೆ. ಆಮೇಲೆ ಸೆಲ್ಫಿ. ಕಂಪನಿ ನಾಟಕದ ಕಾಲದ ‘ಒನ್ಸ್ ಮೋರ್’ ಇನ್ನೂ ನಮ್ಮ ನಾಲಿಗೆ ಬಿಟ್ಟು ಹೋಗಿಲ್ಲ.

ಇಲ್ಲಿನವರು ಹುಟ್ಟಾ ಜಾಣರು ಅಂತೇನಲ್ಲ. ಪ್ರಶ್ನೆ ಕೇಳುವುದಕ್ಕೂ ಒಂದು ಪದ್ಧತಿ ಕಟ್ಟಿಕೊಂಡಿದ್ದಾರೆ, ನಮ್ಮ ಸಂಘಗಳು ನಾಳೆಯೇ ಅದನ್ನು ಎತ್ತಿಕೊಳ್ಳಬಹುದು. ನಟರನ್ನು ಕರೆಸಿ ಮಾತಾಡಿಸುವ ಇಲ್ಲಿನ ಸಂಜೆಗಳಲ್ಲಿ ಮೊದಲರ್ಧ ನಿರೂಪಕರ ಜೊತೆ ಮಾತು, ನಡುವೆ ಬಿಡುವು, ಎರಡನೆಯ ಅರ್ಧದಲ್ಲಿ ಸಭಿಕರ ಪ್ರಶ್ನೆ. ಹಲವು ಕಡೆ ಬಾಗಿಲಲ್ಲೇ ಚೀಟಿ ಕೊಡುತ್ತಾರೆ. ಹೆಸರು, ಊರು, ದಪ್ಪ ಅಕ್ಷರದಲ್ಲಿ ಎರಡು ಸಾಲು, ಬಿಡುವಿನಲ್ಲಿ ಡಬ್ಬಿಗೆ. ನಿರೂಪಕರು ಒಂದೇ ತರಹದವನ್ನು ಒಟ್ಟುಗೂಡಿಸಿ ಒಂದನ್ನಷ್ಟೇ ಓದುತ್ತಾರೆ. ‘ನಿಮ್ಮ ಮೆಚ್ಚಿನ ಕಂತು ಯಾವುದು’ ಅಂತ ಬರೆದರೆ ಅಂಥವೇ ಇಪ್ಪತ್ತು ಚೀಟಿಗಳ ಜೊತೆ ನಿಮ್ಮದೂ ಕರಗಿಹೋಗುತ್ತದೆ, ಓದಿದರೂ ಊರೂರಲ್ಲಿ ಹೇಳಿ ಸವೆದ ಉತ್ತರವೇ ಬರುತ್ತದೆ. ‘ಯಾಕೆ’ ಅಂತ ಕೇಳಿದರೂ ಅಷ್ಟೆ, ಸಿದ್ಧ ಕತೆ. ‘ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು, ಎಷ್ಟನೇ ಟೇಕು, ಯಾರು ತಪ್ಪಿದರು’ ಅಂತ ಕೇಳಿ. ಆಗ ಹಿರಿಯರು ಒಂದು ಗಳಿಗೆ ಸುಮ್ಮನಾಗುತ್ತಾರೆ, ಕೈ ತಾನಾಗಿ ಏಳುತ್ತದೆ, ಗಾಳಿಯಲ್ಲಿ ಕೌಂಟರನ್ನು ಮುಟ್ಟುತ್ತದೆ. ನೆನಪು ಇರುವುದು ಅಲ್ಲಿ. ಒಂದೇ ಉಸಿರಿಗೆ ಎರಡು ಪ್ರಶ್ನೆ ಬೇಡ, ಸುಲಭದ್ದಕ್ಕೆ ಮಾತ್ರ ಉತ್ತರ ಕೊಟ್ಟು ಜಾರಿಕೊಳ್ಳುತ್ತಾರೆ.

ಮೈಕಿನಲ್ಲೇ ಕೇಳಿಸುವುದಾದರೆ ಮೈಕು ಕಾರ್ಯಕರ್ತರ ಕೈಯಲ್ಲೇ ಇರಲಿ, ಸಭಿಕರ ಕೈಗೆ ಹೋದ ಮೈಕು ವಾಪಸ್ ಬಂದದ್ದನ್ನು ನಮ್ಮ ಸಂಘಗಳಲ್ಲಿ ಕಂಡವರುಂಟೇ? ಗಲ್ಲದಿಂದ ನಾಲ್ಕು ಬೆರಳು ದೂರ, ನಿಧಾನ ಮಾತು. ವೇದಿಕೆಯ ದೀಪದಿಂದಾಗಿ ಅವರಿಗೆ ನೀವು ಕಾಣುವುದಿಲ್ಲ. ಸ್ಪೀಕರುಗಳು ಸಭೆಯ ಕಡೆ ಮುಖ ಮಾಡಿರುವುದರಿಂದ ವೇದಿಕೆಗೆ ಮುಟ್ಟುವುದು ಗೋಡೆಗೆ ಬಡಿದು ಕಲಸಿದ ಸದ್ದು, ಎಂಬತ್ತು ದಾಟಿದ ಕಿವಿಗೆ ಅದು ಇನ್ನೂ ಕಷ್ಟ. ಅದಕ್ಕೇ ನಿರೂಪಕರು ಪ್ರತಿ ಪ್ರಶ್ನೆಯನ್ನೂ ಪಕ್ಕದಲ್ಲೇ ಕೂತು ಮತ್ತೊಮ್ಮೆ ಹೇಳುವುದು.

ಹಸ್ತಾಕ್ಷರಕ್ಕೂ ಇಲ್ಲಿ ಕ್ರಮ ಇದೆ. ಒಂದು ಪುಟದ ಪತ್ರ, ಒಂದೇ ಫೋಟೋ, ಮಡಚದ ಹಾಗೆ ರಟ್ಟು, ತನ್ನದೇ ವಿಳಾಸ ಬರೆದು ಸ್ಟಾಂಪು ಹಚ್ಚಿದ ವಾಪಸಾತಿ ಲಕೋಟೆ. ಲಕೋಟೆ ಫೋಟೋಗಿಂತ ಚಿಕ್ಕದಾಗಿದ್ದರೆ ಚಿತ್ರ ಮಡಚಿ ಬರುತ್ತದೆ. ಭಾರತದಿಂದ ಕಳಿಸುವವರು ನಮ್ಮ ಅಂಚೆಚೀಟಿಯನ್ನೇ ಹಚ್ಚಿ ಕಳಿಸಿದರೆ ಅದು ಬ್ರಿಟನ್ನಿನಲ್ಲಿ ನಡೆಯುವುದಿಲ್ಲ, ಲಕೋಟೆ ಅಲ್ಲೇ ಉಳಿಯುತ್ತದೆ.

ಈ ‘ಹೇಗೆ’ ಅನ್ನುವ ಗುಣ ಎಲ್ಲಿಂದ ಬಂತು? ನನ್ನ ಮಟ್ಟಿಗೆ, ಬಿಬಿಸಿಯ ಸ್ಟುಡಿಯೋದಿಂದ. ಇಂಥ ಹಾಸ್ಯ ಧಾರಾವಾಹಿಗಳ ಒಳಾಂಗಣ ದೃಶ್ಯಗಳನ್ನು ಸಭಿಕರ ಮುಂದೆಯೇ ಚಿತ್ರಿಸುತ್ತಿದ್ದರು. ಟಿಕೆಟ್ಟು ಪುಕ್ಕಟೆ. ಹೊರಗೆ ಮೊದಲೇ ಚಿತ್ರಿಸಿದ ಭಾಗವನ್ನು ಪರದೆಯ ಮೇಲೆ ತೋರಿಸಿ ನಗುವನ್ನು ಅಲ್ಲೇ ದಾಖಲಿಸಿಕೊಳ್ಳುತ್ತಿದ್ದರು. ಅಲ್ಲಿ ಕೂತು ಬಂದ ಜನ ರೀಟೇಕು ನೋಡಿದವರು, ಮಾತು ತಪ್ಪಿದ್ದನ್ನು ನೋಡಿದವರು. ನಗು ಒಂದು ಕೆಲಸ ಅನ್ನುವುದು ಅವರಿಗೆ ಗೊತ್ತು. ಜೈಲಿನ ಹಾಸ್ಯ ಧಾರಾವಾಹಿ ‘ಪಾರಿಡ್ಜ್’ನಲ್ಲಿ ಬ್ಲಾಂಕೋ ಅನ್ನುವ ಮುದಿ ಕೈದಿಯನ್ನು ಮಾಡಿದಾಗ ಜೇಸನ್‌ಗೆ ಮೂವತ್ತೈದರ ಆಸುಪಾಸು. ಬೆನ್ನನ್ನು ಎಲ್ಲಿಂದ ಬಗ್ಗಿಸಿದಿರಿ ಅಂತ ಕೇಳದೆ ಇವರು ಬಿಡುತ್ತಾರೆಯೇ? ನಮ್ಮ ಉಮಾಶ್ರೀ ‘ಒಡಲಾಳ’ದ ಸಾಕವ್ವನಾಗಿ ರಂಗಕ್ಕೆ ಬಂದಾಗಲೂ ವಯಸ್ಸು ಚಿಕ್ಕದೇ. ಆ ದನಿಯನ್ನು ಗಂಟಲಿನ ಯಾವ ಮೂಲೆಯಿಂದ ತೆಗೆದಿರಮ್ಮಾ ಅಂತ ಅವರನ್ನು ಈಗಲೂ ಕೇಳಬಹುದು, ನಮ್ಮೆದುರಿಗೇ ಇದ್ದಾರೆ. ಮುಖ್ಯಮಂತ್ರಿ ಚಂದ್ರು ಅವರನ್ನೂ ಕೇಳಬಹುದು: ಅದೇ ಪಾತ್ರ ಅಷ್ಟು ವರ್ಷ ಮಾಡುವಾಗ ನಗು ಬರುವ ಜಾಗ ಊರಿಂದೂರಿಗೆ ಸರಿಯುತ್ತಿತ್ತೇ? ಮೈಸೂರಲ್ಲಿ ನಕ್ಕ ಸಾಲಿಗೆ ಹುಬ್ಬಳ್ಳಿಯಲ್ಲಿ ಎಷ್ಟು ಬಿಡುವು ಕೊಟ್ಟಿರಿ?

ಆದರೂ ಒಂದೆರಡು ಮಾತು ಒಪ್ಪಲೇಬೇಕು, ಮನಸ್ಸಿಲ್ಲದಿದ್ದರೂ. ಇಲ್ಲಿನ ಅಭಿಮಾನಿಗಳ ಶಾಸ್ತ್ರ ಕೆಲವೊಮ್ಮೆ ತಲೆ ತಿನ್ನುತ್ತದೆ. ಡೆಲ್ ಬಾಯ್‌ನ ಆ ಹಳದಿ ಮೂರು ಚಕ್ರದ ವ್ಯಾನು ರಿಲಯಂಟ್ ರಾಬಿನ್ ಅಲ್ಲ, ರಿಲಯಂಟ್ ರೀಗಲ್ ಸೂಪರ್‌ವ್ಯಾನ್ ಅಂತ ತಿದ್ದುವ ಒಬ್ಬರಾದರೂ ಪ್ರತಿ ಗುಂಪಿನಲ್ಲೂ ಇರುತ್ತಾರೆ. ಶೀರ್ಷಿಕೆ ಗೀತೆ ಹಾಡಿದ್ದು ಜೇಸನ್ ಅಲ್ಲ, ಸ್ವತಃ ಸಲಿವನ್ ಅಂತ ತಿದ್ದಲು ಇನ್ನೊಬ್ಬರು. ‘ಎ ಟಚ್ ಆಫ್ ಫ್ರಾಸ್ಟ್’ನಲ್ಲಿ 1992ರಿಂದ 2010ರವರೆಗೆ ಪತ್ತೇದಾರಿ ಪೊಲೀಸ್ ಆಗಿ ದುಡಿದ ಮನುಷ್ಯನಿಗೆ ಇವತ್ತಿಗೂ ಅದೇ ಹಲಗೆಯ ಪ್ರಶ್ನೆ. ಹೇಗೆ, ಹೇಗೆ ಅಂತ ಬಿಚ್ಚುತ್ತ ಹೋಗಿ ಎದುರಿಗಿರುವ ಜೀವಂತ ನಟನನ್ನು ತನ್ನದೇ ಮ್ಯೂಸಿಯಮ್ಮಿನ ಗೈಡು ಮಾಡಿಬಿಟ್ಟಿದ್ದಾರೆ.

ಮತ್ತೆ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’. ಅಲ್ಲಿ ನಮ್ಮ ಜನ ಚೀಟಿ ಬರೆಯಲಿಲ್ಲ, ಮೈಕಿಗೆ ಕಾಯಲಿಲ್ಲ. ನಕ್ಕರು, ಕೂಗಿದರು, ಇನ್ನಷ್ಟು ಬೇಕು ಅಂದರು. ಹಿರಣ್ಣಯ್ಯ ಬೆಳಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನು ಸಂಜೆ ಸಂಭಾಷಣೆಗೆ ಸೇರಿಸುತ್ತಿದ್ದರು, ಬೈಸಿಕೊಳ್ಳಬೇಕಾದವರು ಎದುರಿಗೇ ಕೂತಿದ್ದರೂ ಬಿಡುತ್ತಿರಲಿಲ್ಲ. ನಿನ್ನೆಯ ನಾಟಕ ಇವತ್ತು ಇರುತ್ತಿರಲಿಲ್ಲ. ಬಿಬಿಸಿಯ ಸ್ಟುಡಿಯೋದಲ್ಲಿ ಕೂತ ಸಭಿಕರಿಗೆ ಆ ಸಲಿಗೆ ಎಲ್ಲಿತ್ತು? ಅಚ್ಚುಹಾಕಿದ ಸ್ಕ್ರಿಪ್ಟು, ಗುರುತು ಹಾಕಿದ ನೆಲ. ಒನ್ಸ್ ಮೋರ್ ಅಂದವರಿಗೆ ಹಿರಣ್ಣಯ್ಯ ಹಳೆಯದನ್ನೇ ತಿರುಗಿ ಬಡಿಸಲಿಲ್ಲ, ಹೊಸದು ಬೇಯಿಸಿದರು.

ಹಾಗಂತ ಡೇವಿಡ್ ಜೇಸನ್ ಅವರನ್ನು ನಮ್ಮ ರಾಜ್ಯೋತ್ಸವಕ್ಕೆ ಕರೆಸುವುದು ಮಾತ್ರ ಬೇಡ. ಪೇಟ ತೊಡಿಸಿ, ಶಾಲು ಹೊದಿಸಿ, ಹಲಗೆ ಎತ್ತಿಡ್ತೀವಿ, ಇನ್ನೊಂದ್ಸಲ ಬಿದ್ದು ತೋರಿಸಿ ಸರ್ ಅಂತ ನಮ್ಮವರು ಕೇಳಿಯೇ ಕೇಳುತ್ತಾರೆ.