ಇಂಜಿನ್ ನಿಂತ್ರೆ ಸೆಸ್ನಾ ಕಲ್ಲಿನ ಥರ ಬೀಳುತ್ತಾ?

"ಸಿಂಗಲ್ ಇಂಜಿನ್ ವಿಮಾನದಲ್ಲಿ ಇಂಜಿನ್ ನಿಂತ್ರೆ ಕಲ್ಲಿನ ಥರ ಬೀಳುತ್ತೆ, ಅದಕ್ಕೇ ಸಿರಸ್‌ಗೆ ಪ್ಯಾರಾಚೂಟ್ ಇಟ್ಟಿರೋದು, ಸೆಸ್ನಾ ಹತ್ಬೇಡಿ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ (ಸೆಸ್ನಾ, ಸಿರಸ್ ಅಂದ್ರೆ ಸಣ್ಣ ವಿಮಾನ ಕಟ್ಟೋ ಕಂಪನಿಗಳು). ತಪ್ಪು.

ವಿಮಾನನ ಎತ್ತಿ ಹಿಡಿಯೋದು ರೆಕ್ಕೆ, ಇಂಜಿನ್ ಅಲ್ಲ. ಸೆಸ್ನಾ 172ಎಸ್‌ನಲ್ಲಿ ಇಂಜಿನ್ ನಿಂತ ತಕ್ಷಣ ಪೈಲಟ್ ಮೂತಿ ಸ್ವಲ್ಪ ಇಳಿಸಿ ಸ್ಪೀಡ್ 68 ನಾಟ್‌ಗೆ (ಗಂಟೆಗೆ ಸುಮಾರು 126 ಕಿಲೋಮೀಟರ್) ತರ್ತಾರೆ, ಆಮೇಲೆ ಗಾಳಿ ಇಲ್ದಿದ್ರೆ ಒಂದು ಕಿಲೋಮೀಟರ್ ಇಳಿಯೋಷ್ಟರಲ್ಲಿ ಸುಮಾರು 9 ಕಿಲೋಮೀಟರ್ ಮುಂದೆ ತೇಲಿರುತ್ತೆ, ಅಂದ್ರೆ 5,000 ಅಡಿ ಎತ್ತರದಲ್ಲಿದ್ರೆ ಬಯಲು ಹುಡುಕೋಕೆ ಹದಿಮೂರು ಕಿಲೋಮೀಟರ್ ಸಿಗುತ್ತೆ. ಸಿರಸ್ ಎಸ್ಆರ್22 ತೇಲೋದೂ ಹೆಚ್ಚುಕಮ್ಮಿ ಇಷ್ಟೇ!

ಇಡೀ ವಿಮಾನನೇ ಕೆಳಗಿಳಿಸೋ ಸಿರಸ್ ಪ್ಯಾರಾಚೂಟ್ ಹಿಂದಿರೋದು ಬೇರೆ ಕಥೆ. ಸಿರಸ್ ಕಟ್ಟಿದವರಲ್ಲಿ ಒಬ್ಬರಾದ ಅಲನ್ ಕ್ಲಾಪ್‌ಮೈಯರ್ 1985ರಲ್ಲಿ ಆಕಾಶದಲ್ಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ಬದುಕುಳಿದವರು, ಆ ಅನುಭವದಿಂದಲೇ ಪ್ಯಾರಾಚೂಟ್ ಇಟ್ಟಿದ್ದು. ರೆಕ್ಕೆ ಮುರಿದ್ರೆ, ಕೆಳಗೆ ಬರೀ ಕಾಡು ಇದ್ರೆ ಪ್ಯಾರಾಚೂಟ್ ನಿಜಕ್ಕೂ ಜೀವ ಉಳಿಸುತ್ತೆ. ಆದ್ರೆ ಸೆಸ್ನಾ ಹತ್ತೋಕೆ ಹೆದರೋ ಕಾರಣ ಇಲ್ಲ.