ಸೀಟು ಸಿಕ್ಕ ಮೇಲೂ ಬೇಕಾಗುವ ಕಾಗದ

ಸಿಇಟಿ ರಿಸಲ್ಟ್ ಬಂದ ವಾರ ಊರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಹುಡುಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆ, ಯಾವ ಕಾಲೇಜು ಆಗಬಹುದು? ಬ್ರಾಂಚ್ ಬಗ್ಗೆ ಹತ್ತು ಸಲಹೆ ಬೀಳುತ್ತವೆ, ಹಾಸ್ಟೆಲ್ ಊಟದ ಬಗ್ಗೆ ಎರಡು. ಕೊನೆಗೆ ಯಾರೋ ಹಿರಿಯರು ಬರೆಯುತ್ತಾರೆ: "ಅದನ್ನೆಲ್ಲ ಕಾಲೇಜಲ್ಲಿ ಹೇಳ್ಕೋಬೇಡಿ, ನಾಳೆ ಕ್ಯಾಂಪಸ್ ಸೆಲೆಕ್ಷನ್ನು, ಮದುವೆ ಅಂತ ಇರುತ್ತೆ." ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು.

ಅಮೆರಿಕದಲ್ಲಿ ಕೂತು ಇದನ್ನು ಓದಿದರೆ ಚುಚ್ಚುತ್ತದೆ. ಇಲ್ಲಿನ ಕಾಲೇಜುಗಳಲ್ಲಿ ಬಹುತೇಕ ಪ್ರತಿ ಕೋರ್ಸಿನ ಸಿಲಬಸ್‌ನಲ್ಲೂ ಪುಸ್ತಕದ ಪಟ್ಟಿ, ಗ್ರೇಡಿನ ಲೆಕ್ಕದ ಜೊತೆಗೆ ಒಂದು ಪ್ಯಾರಾ ಇರುತ್ತದೆ. ಪರೀಕ್ಷೆಗೆ, ಕ್ಲಾಸಿಗೆ ಅನುಕೂಲ ಬೇಕಾದವರು ಡಿಸೆಬಿಲಿಟಿ ಆಫೀಸಿನಿಂದ ಪತ್ರ ತನ್ನಿ ಅಂತ. ಕೆಮಿಸ್ಟ್ರಿಯ ಸಿಲಬಸ್‌ನಲ್ಲೂ ಅದೇ, ಸಂಗೀತದ್ದರಲ್ಲೂ ಅದೇ. ಯಾರೂ ಅದನ್ನು ವಿಶೇಷವೆಂದುಕೊಳ್ಳುವುದಿಲ್ಲ. ಲೈಬ್ರರಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬಷ್ಟೇ ಸಾಧಾರಣ ಮಾಹಿತಿ.

ಕಾನೂನು ನಮ್ಮಲ್ಲಿ ಇಲ್ಲ ಅಂತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ (ಓದು ಬರಹ ಕಷ್ಟವಾಗುವ) ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಮಾತ್ರ ತನ್ನ ಹೆಸರಿನಲ್ಲಿ ಇಲ್ಲ. ನ್ಯೂನತೆಯ ಪ್ರಮಾಣ ಶೇ. 40 ಅಥವಾ ಹೆಚ್ಚಿರುವವರಿಗೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟು. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ 2018ರ ಮಾರ್ಗಸೂಚಿ ಹಾಕಿದ ಮೆಟ್ಟಿಲು ಇನ್ನೊಂದು: 8 ವರ್ಷ ತುಂಬಿದ ಮೇಲೆ ಮೊದಲ ಸಲ, 14ಕ್ಕೆ ಮತ್ತೆ, 18ಕ್ಕೆ ಮತ್ತೊಮ್ಮೆ, ಹದಿನೆಂಟರದ್ದು ಬಾಳಿಕೆ ಬರುವಂಥದ್ದು. ಆ ಮೂರನೆಯದು ಬೇಕಾಗುವ ಹೊತ್ತಿಗೆ ಸರಿಯಾಗಿ ಸೆಕೆಂಡ್ ಪಿಯುಸಿ ಪರೀಕ್ಷೆ, ಸಿಇಟಿ, ದಾಖಲೆ ಪರಿಶೀಲನೆ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಅಪ್ಪ ರಜೆ ಹಾಕಿ ಟೋಕನ್ ಹಿಡಿದು ನಿಲ್ಲುತ್ತಾರೆ. ಕೈಗೆ ಬರುವ ಹಾಳೆಯಲ್ಲಿ ಕಾಯಿಲೆಯ ಹೆಸರು ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಶೇಕಡಾ ಎಷ್ಟು ಅಂತ, ಕೆಳಗೆ ಮೂರು ಸಹಿ, ಒಂದು ಸೀಲು. ಈ ಮಗುವಿಗೆ ಕ್ಲಾಸಿನಲ್ಲಿ ಏನು ಮಾಡಿಕೊಡಬೇಕು ಎಂಬ ಒಂದು ಸಾಲೂ ಇಲ್ಲ.

ಇಲ್ಲಿಯ ಪತ್ರ ಸರಿಯಾಗಿ ತಿರುಗಾಮುರುಗಾ. ಅರ್ಧ ಪುಟ. ಕಾಯಿಲೆಯ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ. ಪ್ರೊಫೆಸರಿಗೆ ತಿಳಿಯುವುದು ಇಷ್ಟೇ: ಪರೀಕ್ಷೆಗೆ ಒಂದೂವರೆ ಪಟ್ಟು ಸಮಯ, ಸದ್ದಿಲ್ಲದ ಕೋಣೆ, ಸ್ಲೈಡುಗಳು ಕ್ಲಾಸಿಗೆ ಮೊದಲೇ, ಪಾಠ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ, ನಡುವೆ ಎದ್ದು ಹೊರಗೆ ಹೋಗಿ ಬರಲು ಅನುಮತಿ. ಆಟಿಸಮ್ಮೋ ಡಿಸ್ಲೆಕ್ಸಿಯಾವೋ ಎಂದು ಕೇಳುವ ಹಕ್ಕು ಅವರಿಗಿಲ್ಲ. ಅಡ್ಮಿಷನ್ ಅರ್ಜಿಯಲ್ಲೂ ಕಾಲೇಜು ಅದನ್ನು ಕೇಳುವಂತಿಲ್ಲ. 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ ಮತ್ತು 1990ರ ಎಡಿಎ ಎಂಬ ಅಮೆರಿಕದ ವಿಕಲಚೇತನರ ಕಾಯ್ದೆ ಇದಕ್ಕೆಲ್ಲ ಬೆನ್ನೆಲುಬು. ನಮ್ಮ ಹಾಳೆ ಸೀಟು ಕೊಡಿಸಿ ಫೈಲಿನೊಳಗೆ ಮಲಗುತ್ತದೆ. ಇಲ್ಲಿಯದು ಸೀಟಿನ ವಿಷಯಕ್ಕೇ ಹೋಗುವುದಿಲ್ಲ. ಸೀಟು ಸಿಕ್ಕ ಮೇಲೆ ಕೆಲಸ ಶುರು ಮಾಡುತ್ತದೆ.

ಊರಿನವರು ಕೇಳಬಹುದು, ನಮ್ಮಲ್ಲೂ ಗಂಟೆಗೆ 20 ನಿಮಿಷ ಹೆಚ್ಚಿಗೆ ಕೊಡುತ್ತಾರಲ್ಲ ಅಂತ. ಕೊಡುತ್ತಾರೆ, 2018ರ ಆಗಸ್ಟ್‌ನ ಕೇಂದ್ರದ ಮಾರ್ಗಸೂಚಿಯಲ್ಲೇ ಹಾಗೆ ಹೇಳಿತ್ತು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಲಿಪಿಕಾರರ (ಉತ್ತರ ಬರೆದುಕೊಡುವವರ) ಸೌಲಭ್ಯಕ್ಕೆ ಶೇ. 40ರ ಗೆರೆ ಸಲ್ಲದು ಎಂದಿತು, ಮರುವರ್ಷ ಅದಕ್ಕೆ ತಕ್ಕ ಮಾರ್ಗಸೂಚಿಯೂ ಬಂತು. ಆದರೆ ಇವೆಲ್ಲ ನಿಂತಿರುವುದು ದೊಡ್ಡ ಲಿಖಿತ ಪರೀಕ್ಷೆಯ ಸುತ್ತ. ಇಂಟರ್ನಲ್ಸ್‌ಗೆ? ವೈವಾದಲ್ಲಿ ಎಕ್ಸ್‌ಟರ್ನಲ್ ಎದುರು ಕಣ್ಣಿಟ್ಟು ನೋಡಲಾಗದೆ ತಡವರಿಸುವ ಹುಡುಗಿಗೆ? ಲ್ಯಾಬ್ ರೆಕಾರ್ಡನ್ನು ಕೈಯಲ್ಲೇ ಬರೆಯಬೇಕು ಎಂಬ ಹಟಕ್ಕೆ? ಅಲ್ಲೆಲ್ಲ ಎಚ್‌ಒಡಿಯ ಮೂಡು ಹೇಗಿದೆಯೋ ಹಾಗೆ. ಸಮಾನ ಅವಕಾಶ ಘಟಕ ಎಂಬ ಬೋರ್ಡು ನೇತಾಡುತ್ತಿರುತ್ತದೆ, ಅದರ ಸಂಯೋಜಕರಿಗೆ ಎನ್ನೆಸ್ಸೆಸ್ಸೂ ಅವರದ್ದೇ, ಪರೀಕ್ಷಾ ವಿಭಾಗವೂ ಅವರದ್ದೇ.

ಮಗುವನ್ನು ಇಲ್ಲಿಗೆ ಕಳಿಸುವ ತಯಾರಿಯಲ್ಲಿರುವವರು ಎಡವುವುದು ಇದೇ ಕಾಗದದ ವಿಷಯದಲ್ಲಿ. ಯುಡಿಐಡಿ ಎಂಬ ಸರ್ಕಾರಿ ವಿಕಲಚೇತನರ ಗುರುತಿನ ಕಾರ್ಡಿನ ಜೆರಾಕ್ಸ್ ತಂದು ಅಪ್‌ಲೋಡ್ ಮಾಡುತ್ತಾರೆ. ಇಷ್ಟು ಸಾಲದು ಎಂದು ವಾಪಸು ಬರುತ್ತದೆ. ಇಲ್ಲಿಯವರಿಗೆ ಬೇಕಾದದ್ದು ವರದಿ: ಯಾವ ಪರೀಕ್ಷೆಗಳನ್ನು ಮಾಡಿದರು, ಅಂಕಗಳೇನು, ಚಿಕ್ಕಂದಿನಿಂದ ಹೇಗಿತ್ತು, ಈಗ ಓದು, ಬರಹ, ಗಮನ, ನಿದ್ರೆ, ಗದ್ದಲ ಇವುಗಳಲ್ಲಿ ಯಾವುದು ಎಷ್ಟು ಅಡ್ಡಿ, ಆ ಅಡ್ಡಿಗೆ ಯಾವ ಅನುಕೂಲ ಬೇಕು ಮತ್ತು ಯಾಕೆ. ಕೊನೆಯ ಆ 'ಯಾಕೆ' ಇಲ್ಲದ ವರದಿಗಳೇ ಹೆಚ್ಚು. ಹೊರಡುವ ಮುಂಚೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ದೊಡ್ಡವರ ಮಾನದಂಡದ ಪರೀಕ್ಷೆಯನ್ನೇ ಮಾಡಿಸಿ, ಲೆಟರ್‌ಹೆಡ್‌ನಲ್ಲಿ, ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಐದನೇ ಕ್ಲಾಸಿನಲ್ಲಿ ಮಾಡಿಸಿದ್ದು ಹಳೆಯದಾಯಿತು ಅನ್ನುತ್ತಾರೆ. ಮೂರರಿಂದ ಐದು ವರ್ಷದೊಳಗಿನದು ಅನೇಕ ಕಡೆ ಕೇಳುತ್ತಾರೆ. ಇದನ್ನು ಇಲ್ಲಿಗೆ ಬಂದು ಮಾಡಿಸುತ್ತೇವೆ ಅಂದರೆ ಸಾವಿರಾರು ಡಾಲರ್. ಕಾಲೇಜು ಆ ಖರ್ಚು ಕೊಡಬೇಕೆಂದಿಲ್ಲ.

ವರದಿ ಕೊಟ್ಟ ಮೇಲೆ ಡಿಸೆಬಿಲಿಟಿ ಆಫೀಸಿನ ಕೋಆರ್ಡಿನೇಟರ್ ಜೊತೆ ಒಂದು ಮಾತುಕತೆ, ಆಮೇಲೆ ಪತ್ರ. ಪತ್ರ ತಾನಾಗಿ ಪ್ರೊಫೆಸರಿಗೆ ಹೋಗುವುದಿಲ್ಲ. ಹೆಚ್ಚಿನ ಕಡೆ ಪ್ರತಿ ಸೆಮಿಸ್ಟರಿಗೂ ವಿದ್ಯಾರ್ಥಿಯೇ ಪೋರ್ಟಲ್ಲಿಗೆ ಹೋಗಿ ಕೋರ್ಸ್ ಆರಿಸಿ ಕಳಿಸಬೇಕು, ಆಮೇಲೆ ಪ್ರತಿ ಪರೀಕ್ಷೆಗೂ ಟೆಸ್ಟಿಂಗ್ ಸೆಂಟರಿನಲ್ಲಿ ಕೆಲವು ದಿನ ಮೊದಲೇ ಜಾಗ ಹಿಡಿಯಬೇಕು. ಮರೆವು, ಮುಂದೂಡುವುದು ಇವೇ ತೊಂದರೆಯಾಗಿರುವ ಹುಡುಗನಿಗೆ ಇಷ್ಟೊಂದು ಮೆಟ್ಟಿಲು ಯಾರು ಕಟ್ಟಿದರೋ! 50 ನಿಮಿಷದ ಪರೀಕ್ಷೆ ಅವನಿಗೆ 75 ನಿಮಿಷ ಆಗುತ್ತದೆ, ಮುಂದಿನ ಕ್ಲಾಸಿಗೆ ಡಿಕ್ಕಿ ಹೊಡೆಯುತ್ತದೆ. ಪರೀಕ್ಷೆ ಸಂಜೆ ಆರಕ್ಕೆ, ಸೆಂಟರು ಮುಚ್ಚುವುದು ಐದಕ್ಕೆ. ಇವನ್ನೆಲ್ಲ ಸೆಮಿಸ್ಟರಿನ ಮೊದಲ ವಾರವೇ ಸಿಲಬಸ್ ಎದುರಿಟ್ಟುಕೊಂಡು ಕ್ಯಾಲೆಂಡರಿಗೆ ಹಾಕದಿದ್ದರೆ ಮಿಡ್‌ಟರ್ಮಿನ ಹಿಂದಿನ ರಾತ್ರಿ ಗೊತ್ತಾಗುತ್ತದೆ. ಪತ್ರ ಕೊಟ್ಟ ದಿನದಿಂದ ಮುಂದಕ್ಕಷ್ಟೇ ಅನ್ವಯ. ಆಗಲೇ ಕೆಟ್ಟುಹೋದ ಪರೀಕ್ಷೆಯನ್ನು ಅದು ಸರಿಮಾಡುವುದಿಲ್ಲ.

ಹಾಗಾಗಿ ಕಾಲೇಜು ಆರಿಸುವಾಗ ರ‍್ಯಾಂಕಿಂಗ್ ಪಟ್ಟಿ ಪಕ್ಕಕ್ಕಿಟ್ಟು ಡಿಸೆಬಿಲಿಟಿ ಆಫೀಸಿಗೇ ಮೇಲ್ ಹಾಕಿ ಕೇಳುವುದು ವಾಸಿ. ಪತ್ರ ಬರಲು ಎಷ್ಟು ವಾರ, ಟೆಸ್ಟಿಂಗ್ ಸೆಂಟರ್ ಸಂಜೆ ತೆರೆದಿರುತ್ತದೆಯೇ, ಕೋರ್ಸ್ ನೋಂದಣಿಗೆ ಉಳಿದವರಿಗಿಂತ ಮೊದಲು ಅವಕಾಶ ಸಿಗುತ್ತದೆಯೇ, ಗದ್ದಲ ತಡೆಯಲಾರದವರಿಗೆ ಒಬ್ಬರ ರೂಮು ಕೇಳಲು ಕೊನೆ ದಿನ ಯಾವುದು. ಅವರು ಉತ್ತರ ಕೊಡಲು ತೆಗೆದುಕೊಳ್ಳುವ ದಿನಗಳೇ ಅರ್ಧ ಉತ್ತರ. ಸೆಮಿಸ್ಟರಿನ ಬದಲು ಚಿಕ್ಕ ಅವಧಿಗಳಿರುವ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಪಾಠ ಸುಮಾರು 10 ವಾರ. ಒಂದು ವಾರ ಹಾಸಿಗೆ ಬಿಟ್ಟು ಏಳದಿದ್ದರೆ ಹತ್ತನೇ ಒಂದು ಭಾಗ ಹೋಯಿತು. 15 ವಾರದ ಸೆಮಿಸ್ಟರಿನಲ್ಲಿ ಉಸಿರಾಡಲು ಕೊಂಚ ಜಾಗ ಇದೆ. ಕಾನೂನು ಕೇಳುವುದಕ್ಕಿಂತ ಹೆಚ್ಚಿಗೆ ಮಾಡುವ ಜಾಗಗಳೂ ಇವೆ: ವರ್ಮಾಂಟಿನ ಲ್ಯಾಂಡ್‌ಮಾರ್ಕ್ ಕಾಲೇಜು ಇರುವುದೇ ಇಂಥ ವಿದ್ಯಾರ್ಥಿಗಳಿಗಾಗಿ, ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಇವರ ಓದಿಗೆ ನೆರವಾಗುವ ಸಾಲ್ಟ್ ಸೆಂಟರ್ ಇದೆ, ರಾಚೆಸ್ಟರಿನ ಆರ್‌ಐಟಿಯಲ್ಲಿ ಆಟಿಸಂ ಇರುವವರಿಗೆ ಸ್ಪೆಕ್ಟ್ರಂ ಸಪೋರ್ಟ್ ಪ್ರೋಗ್ರಾಂ. ಸಾಲ್ಟಿನಂಥ ಕಡೆ ಟ್ಯೂಷನ್ ಫೀಸಿನ ಮೇಲೆ ಬೇರೆ ಫೀಸು ಇದೆ, ಅದನ್ನು ಮೊದಲೇ ಕೇಳಿಕೊಳ್ಳಿ.

ಹೆಚ್ಚುವರಿ ಸಮಯವನ್ನು ಮಂತ್ರದಂಡದ ಹಾಗೆ ನಂಬುವವರಿಗೆ ಒಂದು ಮಾತು. ಓದು ನಿಧಾನವಿರುವ ಡಿಸ್ಲೆಕ್ಸಿಯಾದವರಿಗೆ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎಡಿಎಚ್‌ಡಿ ಇರುವ ಅನೇಕರಿಗೆ ತೊಂದರೆ ಇರುವುದು ಪರೀಕ್ಷೆಯಲ್ಲಲ್ಲ, ಆರು ವಾರದ ಪ್ರಾಜೆಕ್ಟನ್ನು ಶುರು ಮಾಡುವುದರಲ್ಲಿ. ಅವರಿಗೆ ಬೇಕಾದದ್ದು ತುಂಡುತುಂಡಾಗಿ ಮುರಿದ ಗಡುವು: ಮೊದಲ ವಾರ ವಿಷಯ, ಎರಡನೆಯದರಲ್ಲಿ ಐದು ಆಕರ, ಮೂರನೆಯದರಲ್ಲಿ ಒಂದು ಕೆಟ್ಟ ಕರಡು. ಪಕ್ಕದಲ್ಲಿ ಯಾರಾದರೂ ಸುಮ್ಮನೆ ಕೂತು ತಮ್ಮ ಕೆಲಸ ಮಾಡಿಕೊಂಡಿದ್ದರೂ ಇವರದ್ದು ಓಡುತ್ತದೆ. ಇದನ್ನು ಯಾವ ಪತ್ರದಲ್ಲೂ ಬರೆದುಕೊಡುವುದಿಲ್ಲ.

ಎಫ್‌-1 ವಿದ್ಯಾರ್ಥಿ ವೀಸಾದವರಿಗೆ ಇನ್ನೊಂದು ಗುಂಡಿ. ಪದವಿ ವಿದ್ಯಾರ್ಥಿ ಸೆಮಿಸ್ಟರಿಗೆ 12 ಕ್ರೆಡಿಟ್‌ಗಿಂತ ಕೆಳಗಿಳಿಯುವಂತಿಲ್ಲ. ಆರೋಗ್ಯದ ಕಾರಣಕ್ಕೆ ಇಳಿಯಬಹುದು, ಆದರೆ ವೈದ್ಯರ ಅಥವಾ ಲೈಸೆನ್ಸ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟರ ಪತ್ರದೊಂದಿಗೆ, ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಪಡೆದ ನಂತರ. ಒಂದು ಡಿಗ್ರಿ ಹಂತಕ್ಕೆ ಒಟ್ಟು 12 ತಿಂಗಳು ಮಾತ್ರ. ಮೊದಲು ಕೋರ್ಸ್ ಬಿಟ್ಟು ಆಮೇಲೆ ಹೇಳೋಣ ಅಂದುಕೊಂಡರೆ ವೀಸಾ ಸ್ಥಿತಿಯೇ ಕೈಬಿಡಬಹುದು. ಡಿಸೆಬಿಲಿಟಿ ಆಫೀಸು ಒಪ್ಪಿದೆಯಲ್ಲ ಎಂಬ ಸಮಾಧಾನ ಸಾಲದು, ಅವೆರಡೂ ಬೇರೆ ಬೇರೆ ಕಿಟಕಿಗಳು. ಮಾತ್ರೆಯ ಕಥೆಯೂ ಹಾಗೆಯೇ: ಮೀಥೈಲ್‌ಫೆನಿಡೇಟ್ ಎಂಬ ಎಡಿಎಚ್‌ಡಿ ಔಷಧಿ ಇಲ್ಲಿ ಬಿಗಿ ನಿಯಂತ್ರಣದ ಶೆಡ್ಯೂಲ್ 2ರಲ್ಲಿದೆ, ರೀಫಿಲ್ ಇಲ್ಲ, ಪ್ರತಿ ಸಲ ಹೊಸ ಚೀಟಿ. ಕ್ಯಾಂಪಸ್ ಆಸ್ಪತ್ರೆಗಳಲ್ಲಿ ಕೆಲವು ಇದನ್ನು ಬರೆದುಕೊಡುವುದೇ ಇಲ್ಲ, ಹೊರಗೆ ಡಾಕ್ಟರನ್ನು ಹುಡುಕಲು ಹೇಳುತ್ತವೆ. ಆಗಸ್ಟಿನಲ್ಲಿ ಬಂದವರು ಅಪಾಯಿಂಟ್‌ಮೆಂಟನ್ನು ಜೂನ್‌ನಲ್ಲೇ ಕೇಳಿರಬೇಕು.

ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಇದು ಸಲೀಸಲ್ಲ. ಹೈಸ್ಕೂಲಿನವರೆಗೆ ಐಇಪಿ ಎಂಬ, ಆ ಮಗುವಿಗೆಂದೇ ಶಾಲೆ ಮಾಡುವ ಕಲಿಕಾ ಯೋಜನೆ ಹಿಂದೆ ಬಿದ್ದು ಕಾಯುತ್ತಿರುತ್ತದೆ, ಶಾಲೆಯೇ ಸಭೆ ಕರೆಯುತ್ತದೆ, ಅಪ್ಪ ಅಮ್ಮ ಸಹಿ ಹಾಕುತ್ತಾರೆ. ಹೈಸ್ಕೂಲ್ ಮುಗಿದ ದಿನ ಅದೂ ಮುಗಿಯಿತು. ಕಾಲೇಜಿಗೆ ಫೋನ್ ಮಾಡಿದರೆ ವಿದ್ಯಾರ್ಥಿಯೇ ಬರೆಯಲಿ ಅನ್ನುತ್ತಾರೆ. ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾಯ್ದೆಯ ಪ್ರಕಾರ ದಾಖಲೆಯ ಹಕ್ಕು ಈಗ ಮಗುವಿನದು. ಫೀಸು ಕಟ್ಟಿದ ಅಮ್ಮನಿಗೆ ಮಗ ಎರಡು ತಿಂಗಳಿಂದ ಕ್ಲಾಸಿಗೆ ಹೋಗಿಲ್ಲ ಎಂಬುದು ಡಿಸೆಂಬರಿನ ಗ್ರೇಡು ಬಂದಾಗ, ಅದೂ ಮಗ ತೋರಿಸಿದರೆ, ತಿಳಿಯುತ್ತದೆ.

ಇಲ್ಲಿ ಊರಿನ ಕಡೆಗೂ ಒಂದೆರಡು ಮಾತು ಒಪ್ಪಿಕೊಳ್ಳಬೇಕಾಗುತ್ತದೆ, ಮನಸ್ಸಿಲ್ಲದಿದ್ದರೂ. ನಾವು ಬೈಯುವ ಆ ಶೇ. 85 ಹಾಜರಾತಿ, ಬೆಳಗ್ಗೆ ಒಂಬತ್ತರಿಂದ ನಾಲ್ಕರ ಟೈಮ್‌ಟೇಬಲ್, ನಾಲ್ಕು ವರ್ಷವೂ ಅದೇ ಸೆಕ್ಷನ್ ಅದೇ ಬೆಂಚು, ಇವು ಗದ್ದಲ ಸಹಿಸಲಾರದ ಆಟಿಸಂ ಹುಡುಗಿಯನ್ನು ಸುಸ್ತು ಮಾಡುತ್ತವೆ ನಿಜ. ಆದರೆ ತಾನಾಗಿ ದಿನವನ್ನು ಕಟ್ಟಿಕೊಳ್ಳಲಾರದ ಎಡಿಎಚ್‌ಡಿ ಹುಡುಗನಿಗೆ ಅದೇ ಕಂಬ. ಇಲ್ಲಿ ಮಂಗಳವಾರ ಎರಡು ಕ್ಲಾಸು, ಬುಧವಾರ ಒಂದೂ ಇಲ್ಲ. ಆ ಖಾಲಿ ಬುಧವಾರದಲ್ಲೇ ಅರ್ಧ ಸೆಮಿಸ್ಟರು ಸೋರಿಹೋಗುತ್ತದೆ. ಬ್ಯಾಕ್‌ಲಾಗ್ ಪದ್ಧತಿಯೂ ಅಷ್ಟು ಕೆಟ್ಟದ್ದಲ್ಲ. ಉಳಿದ ಸಬ್ಜೆಕ್ಟನ್ನು ಮುಂದಕ್ಕೆ ಎಳೆದುಕೊಂಡು ಹೋಗಿ ಎಂದೋ ಒಂದು ದಿನ ಪಾಸು ಮಾಡಿಕೊಳ್ಳಬಹುದು. ಇಲ್ಲಿ ಎಫ್ ಬಿದ್ದರೆ ಜಿಪಿಎ ಜೊತೆಗೆ ಸ್ಕಾಲರ್‌ಶಿಪ್ಪಿಗೂ ಕುತ್ತು. ಇನ್ನು ನೋಟ್ಸು. ಊರಲ್ಲಿ ಪಕ್ಕದ ಬೆಂಚಿನವನು ಯಾವ ಪತ್ರವನ್ನೂ ಕೇಳದೆ, ಯಾವ ಕಾಯಿಲೆ ಎಂದೂ ಕೇಳದೆ, ಇಂಟರ್ನಲ್ಸ್‌ನ ಹಿಂದಿನ ದಿನ ಪೂರ್ತಿ ಪುಸ್ತಕವನ್ನೇ ಜೆರಾಕ್ಸ್ ಅಂಗಡಿಗೆ ಕೊಡುತ್ತಾನೆ. ಇಲ್ಲಿ ಅದೇ ನೋಟ್ಸಿಗೆ ಪೋರ್ಟಲ್ಲಿನಲ್ಲಿ ಕೋರಿಕೆ ಹಾಕಿ, ಕ್ಲಾಸಿನಲ್ಲಿ ಯಾರಾದರೂ ಬರೆದುಕೊಡಲು ಒಪ್ಪುವವರೆಗೆ ಕಾಯಬೇಕು. ಮೂರನೇ ವಾರದಲ್ಲಿ ಸಿಕ್ಕಿದರೆ ಬೇಗ ಸಿಕ್ಕಿತು ಅನ್ನಬೇಕು.