ಸತ್ಯಾಂಶ: ಟವರ್ ಹತ್ತಿರವಿದ್ದರೆ ಸಿಗ್ನಲ್ ಬರಲೇಬೇಕಾ?

‘ಟವರ್ 5 ಕಿ.ಮೀ. ಒಳಗಿದ್ದರೆ ಫುಲ್ ಸಿಗ್ನಲ್ ಬರಲೇಬೇಕು, ಬರದಿದ್ದರೆ ಬೇಕಂತಲೇ ಕಡಿಮೆ ಮಾಡಿದ್ದಾರೆ’ ಅನ್ನುವ ಮೆಸೇಜು ಮತ್ತೆ ಮತ್ತೆ ಬರುತ್ತದೆ. ಸಿಗ್ನಲ್ ಸಿಗದೆ ಗುಡ್ಡ ಹತ್ತಿ ಫೋನ್ ಮಾಡುವವರ ಕಷ್ಟ ನಿಜ. ಆದರೆ ಈ ಲೆಕ್ಕ ತಪ್ಪು.

ದೂರವೊಂದೇ ಸಾಲದು, ನಡುವಿನ ನೆಲವೂ ಮುಖ್ಯ. ರೇಡಿಯೋ ಅಲೆ ದಾರದ ಹಾಗೆ ತೆಳ್ಳಗೆ ಸಾಗುವುದಿಲ್ಲ. 900 ಮೆಗಾಹರ್ಟ್ಜ್ (ಅಂದರೆ ಸೆಕೆಂಡಿಗೆ 90 ಕೋಟಿ ಸಲ ಕಂಪಿಸುವ) ಅಲೆಗೆ 5 ಕಿ.ಮೀ. ದಾರಿಯ ಮಧ್ಯದಲ್ಲಿ ಸುತ್ತಲೂ ಸುಮಾರು 20 ಮೀಟರ್ ಖಾಲಿ ಜಾಗ ಇದ್ದರೆ ಚೆನ್ನ. ಗುಡ್ಡದ ಚೂಪು ನೆತ್ತಿ ಟವರಿನಿಂದ ಫೋನಿಗಿರುವ ನೇರ ಗೆರೆಗೆ ತಾಗಿದರೂ ಸಾಕು, ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಂತ ಗುಡ್ಡದ ಹಿಂದೆ ಏನೂ ಬರಲ್ಲ ಅಂತಲ್ಲ. ಅಲೆ ಸ್ವಲ್ಪ ಬಾಗುತ್ತದೆ. 700 ಮೆಗಾಹರ್ಟ್ಜ್ ಅಲೆ ಜಾಸ್ತಿ ಬಾಗುತ್ತದೆ, 3500ರದ್ದು ಕಡಿಮೆ.

ಇದನ್ನೆಲ್ಲ ಲೆಕ್ಕ ಹಾಕುವ ಲಾಂಗ್ಲಿ–ರೈಸ್ ಮಾದರಿ 1968ರಲ್ಲೇ ಅಮೆರಿಕದಲ್ಲಿ ಬಂತು. 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯೊಂದು 11 ದಿನ ಭೂಮಿಯ ಏರುತಗ್ಗು ಅಳೆದ ಮೇಲೆ ಇಂಥ ಲೆಕ್ಕ ಇನ್ನೂ ಸುಲಭವಾಯಿತು. ಆದರೂ ಅದು ಅಂದಾಜೇ. ನಿಮ್ಮ ಮನೆ ಮುಂದಿನ ಹಲಸಿನ ಮರ ಆ ಅಂಕಿಗಳಲ್ಲಿ ಬೇರೆಯಾಗಿ ಕಾಣುವುದಿಲ್ಲ.

ನೀವೇ ನೋಡಬಹುದು. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ತೆರೆದು ಮನೆಯಿಂದ ಟವರಿಗೆ ಗೆರೆ ಎಳೆಯಿರಿ. ಎತ್ತರದ ನಕ್ಷೆ ತೆಗೆದರೆ ನಡುವಿನ ದಿಬ್ಬ ಎದ್ದು ಕಾಣುತ್ತದೆ. ಫೋನಿನ ಕಡ್ಡಿಗಳನ್ನು ನಂಬಬೇಡಿ, ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ, 10 ಏರಿದರೆ ಶಕ್ತಿ 10 ಪಟ್ಟು) ಅಂಕಿ ನೋಡಿ. ಅಂಗಳದಲ್ಲಿ ಮೈನಸ್ 110 ಇದ್ದು ಗುಡ್ಡದ ಮೇಲೆ ಮೈನಸ್ 80 ಬಂದರೆ ಶಕ್ತಿ 1000 ಪಟ್ಟು ಜಾಸ್ತಿ ಅಂತ ಅರ್ಥ. ಟವರ್ ಅದೇ, ದೂರವೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ?